ಹೂಲಿಗೆ ಎಷ್ಟು ಸ್ಟಾರ್ ಕೊಡೋದು?

ಹೂಲಿಗೆ ಹೋಗೋದು ಕಷ್ಟವೇನಲ್ಲ. ಬೆಂಗಳೂರಿನಲ್ಲಿ ಬೆಳಗ್ಗೆ ವಂದೇ ಭಾರತ್ ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ಧಾರವಾಡ. ಅಲ್ಲಿಂದ ಸವದತ್ತಿಗೆ ಸುಮಾರು 40 ಕಿಲೋಮೀಟರ್, ಸವದತ್ತಿಯಿಂದ ಹೂಲಿಗೆ ಇನ್ನೊಂದು ಒಂಬತ್ತು. ದಾರಿಯ ಎರಡೂ ಕಡೆ ಎರೆ ಹೊಲ. ಬಸ್ಸಿನಲ್ಲಿರುವ ಮುಕ್ಕಾಲು ಜನ ಯಲ್ಲಮ್ಮನ ಗುಡ್ಡಕ್ಕೆ ಹೊರಟವರು, ಕೈಯಲ್ಲಿ ಭಂಡಾರದ ಚೀಲ. ಗುಡ್ಡಕ್ಕೆ ಹುಣ್ಣಿಮೆ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ ಬರ್ತಾರೆ. ಅಲ್ಲಿಂದ ಇಷ್ಟು ಹತ್ತಿರ ಇರುವ ಹೂಲಿಗೆ ಎಷ್ಟು ಜನ ಹೋಗ್ತಾರೆ ಅಂತ ಕೇಳಿದರೆ ನನ್ನ ದೋಸ್ತ ನಕ್ಕ. "ನೀ ಬಂದಿ ನೋಡು, ಈ ವಾರದ್ದು ಮುಗೀತು" ಅಂದ.

ಈ ದೋಸ್ತ ನನ್ನ ಎಂಜಿನಿಯರಿಂಗ್ ದಿನಗಳ ರೂಮ್‌ಮೇಟ್. ಇಬ್ಬರೂ ಹುಬ್ಬಳ್ಳಿಯಲ್ಲಿ ಓದಿದ್ವಿ. ನಾನು ಬೆಂಗಳೂರಿಗೆ ಹೋಗಿ ಕೋಡ್ ಬರೆಯೋಕೆ ಕೂತೆ, ಅವನು ಎರಡು ವರ್ಷ ಅದೇ ಕೆಲಸ ಮಾಡಿ ಬೇಜಾರಾಗಿ ಸವದತ್ತಿಗೆ ವಾಪಸ್ ಬಂದು ಖಾನಾವಳಿ ಹಾಕಿದ. ಎಷ್ಟೋ ವರ್ಷದಿಂದ "ಬಾರೋ, ಹೂಲಿ ತೋರಸ್ತೀನಿ" ಅಂತಿದ್ದ. ಈ ಸಲ ಮೂರು ದಿನ ರಜೆ ಸಿಕ್ಕಿತು, ಹೋದೆ.

ಊರು ಗುಡ್ಡದ ಬುಡದಲ್ಲಿದೆ, ಗುಡ್ಡದ ಮೇಲೆ ಹಳೇ ಕೋಟೆ. ಶಾಸನಗಳಲ್ಲಿ ಊರಿನ ಹೆಸರು ಪೂಲಿ. ಪಾಲು ಹಾಲಾದ ಹಾಗೆ, ಪೂವು ಹೂವಾದ ಹಾಗೆ ಪೂಲಿ ಹೂಲಿಯಾಗಿದೆ. ಒಂದು ಕಾಲಕ್ಕೆ ಇದು ಸಾವಿರ ಮಹಾಜನರಿದ್ದ ದೊಡ್ಡ ಅಗ್ರಹಾರ. ಪಕ್ಕದ ಸವದತ್ತಿ ಆಗ ಸುಗಂಧವರ್ತಿ, ರಟ್ಟರ ರಾಜಧಾನಿ. ಅವರು ಆಮೇಲೆ ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ ಹೋದರು. ನಾಟಕಕಾರ ಹೂಲಿ ಶೇಖರ್ ಅವರ ಹೆಸರಿನ ಮುಂದೆ ಇರುವ ಹೂಲಿ ಇದೇ.

ಪಂಚಲಿಂಗೇಶ್ವರ ಗುಡಿ ಇಲ್ಲಿನ ದೊಡ್ಡ ಗುಡಿ. ಕಲ್ಯಾಣ ಚಾಲುಕ್ಯರ ಕಾಲದ್ದು, 11-12ನೇ ಶತಮಾನ. ಹೆಸರೇ ಹೇಳೋ ಹಾಗೆ ಐದು ಲಿಂಗ. ಒಳಗೆ ಕಂಬಗಳ ಮಂಟಪ. ಹೊರಗೆ ಏಪ್ರಿಲ್ ಬಿಸಿಲು ಕಣ್ಣಿಗೆ ಹೊಡೀತಿತ್ತು, ಒಳಗೆ ಕಾಲಿಟ್ಟರೆ ಕಲ್ಲು ತಣ್ಣಗೆ. ಅರ್ಧ ಗಂಟೆ ಸುಮ್ಮನೆ ಕೂತಿದ್ವಿ, ಒಬ್ಬರೂ ಬರಲಿಲ್ಲ. ಅಂಧಕೇಶ್ವರ, ತಾರಕೇಶ್ವರ, ಮದನೇಶ್ವರ, ಭವಾನಿಶಂಕರ, ಕಾಶಿ ವಿಶ್ವನಾಥ ಅಂತ ಊರ ತುಂಬ ಇನ್ನೂ ಎಷ್ಟೋ ಗುಡಿಗಳಿವೆ. ಕೆಲವು ಬಿದ್ದಿವೆ, ಕೆಲವು ಬೀಳೋ ಹಾಗಿವೆ. ಬಾದಾಮಿ, ಪಟ್ಟದಕಲ್ಲು ನೋಡಿ ಬಂದವರು ಇಲ್ಲಿಗೂ ಬಂದರೆ, ಕಲ್ಲಿನ ಕೆಲಸ ಹೇಗೆ ಬದಲಾಯ್ತು ಅನ್ನೋದು ಕಣ್ಣಿಗೇ ಗೊತ್ತಾಗುತ್ತೆ.

ಕೂತಲ್ಲೇ ಫೋನ್ ತೆಗೆದೆ. ಅಭ್ಯಾಸ. ಹೊಸ ಜಾಗಕ್ಕೆ ಹೋದರೆ ಮೊದಲು ಮ್ಯಾಪ್‌ನಲ್ಲಿ ಎಷ್ಟು ಸ್ಟಾರ್ ಇದೆ ಅಂತ ನೋಡೋದು, ಆಮೇಲೆ ಜಾಗ ನೋಡೋದು. ನೀವೂ ಹಾಗೇ ಮಾಡ್ತೀರಿ, ಇಲ್ಲ ಅನ್ನಬೇಡಿ. ದೋಸ್ತ ನನ್ನ ಸ್ಕ್ರೀನ್ ಇಣುಕಿ, ಮ್ಯಾಪ್ ಪಕ್ಕದಲ್ಲಿದ್ದ ಇನ್ನೊಂದು ಆ್ಯಪ್ ಏನು ಅಂತ ಕೇಳಿದ. ಅನ್‌ಟ್ಯಾಪ್ಡ್. ಕುಡಿದ ಬಿಯರ್‌ಗೆ ಅಂಕ ಕೊಡೋ ಆ್ಯಪ್. ಐದಕ್ಕೆ ಎಷ್ಟು ಅಂತ, ಕಾಲು ಕಾಲು ಪಾಯಿಂಟ್ ಲೆಕ್ಕದಲ್ಲೂ ಕೊಡಬಹುದು. ನಾನು ಮುನ್ನೂರು ಚಿಲ್ಲರೆ ಬಿಯರ್‌ಗೆ ಅಂಕ ಕೊಟ್ಟಿದೀನಿ. ಆರೇಳು ವರ್ಷದ ಲೆಕ್ಕ ಸ್ವಾಮಿ, ಗಾಬರಿ ಆಗಬೇಡಿ. ಬಹಳಷ್ಟು ಮೈಕ್ರೋಬ್ರೂವರಿಗಳಲ್ಲಿ ಕೊಡೋ ಸಣ್ಣ ಸಣ್ಣ ಟೇಸ್ಟರ್ ಗ್ಲಾಸುಗಳು.

ದೋಸ್ತನಿಗೆ ಇದು ವಿಚಿತ್ರ ಅನಿಸಿತು. ತಾನು ಕುಡಿಯೋ ಸ್ಟ್ರಾಂಗ್ ಲಾಗರ್‌ಗೆ ಎಷ್ಟು ಬಿದ್ದಿದೆ ನೋಡು ಅಂದ. ಹುಡುಕಿದೆ. ಐದಕ್ಕೆ ಎರಡು ಚಿಲ್ಲರೆ. ಅವನ ಮುಖ ನೋಡಬೇಕಿತ್ತು! "ಇದನ್ನ ಯಾರು ಕೊಟ್ರು? ಅವರು ಏಪ್ರಿಲ್ದಾಗ ಸವದತ್ತಿಗೆ ಬಂದಾರೇನು?"

ಪ್ರಶ್ನೆ ತಮಾಷೆಯಾಗಿ ಕೇಳಿದರೂ ಅದರಲ್ಲಿ ವಿಷಯ ಇದೆ. ಈ ಅಂಕಗಳನ್ನು ಕೊಡೋದು ಯಾರು?

ಬಿಯರ್‌ಗೆ ಅಂಕ ಕೊಡೋ ಪದ್ಧತಿ ಎರಡು ಥರ. ಒಂದು ಸ್ಪರ್ಧೆಗಳಲ್ಲಿ ತರಬೇತಿ ಪಡೆದ ತೀರ್ಪುಗಾರರು ಕೊಡೋದು. ಅಮೆರಿಕದಲ್ಲಿ ಶುರುವಾದ ಬಿಜೆಸಿಪಿ ಅನ್ನೋ ತೀರ್ಪುಗಾರರ ಸಂಸ್ಥೆಯ ಹಾಳೆಯಲ್ಲಿ ಒಟ್ಟು 50 ಅಂಕ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಹೇಗನಿಸುತ್ತೆ ಅನ್ನೋದಕ್ಕೆ 5, ಒಟ್ಟಾರೆಗೆ 10. ಇಲ್ಲಿ ಮುಖ್ಯ ವಿಷಯ ಅಂದರೆ, ಲಾಗರ್ ಅನ್ನು ಲಾಗರ್ ಆಗಿ ನೋಡ್ತಾರೆ, ಸ್ಟೌಟ್ ಅನ್ನು ಸ್ಟೌಟ್ ಆಗಿ ನೋಡ್ತಾರೆ. ಜೋಳದ ರೊಟ್ಟಿ ಪರೀಕ್ಷೆಯಲ್ಲಿ ಹೋಳಿಗೆ ಬಂದು ಕೂರೋ ಹಾಗಿಲ್ಲ.

ಇನ್ನೊಂದು, ನಮ್ಮಂಥ ಕುಡಿಯೋರು ಕೊಡೋದು. 1996ರಲ್ಲಿ ಬಿಯರ್ ಅಡ್ವೊಕೇಟ್ ಬಂತು, 2000ದಲ್ಲಿ ರೇಟ್‌ಬಿಯರ್, 2010ರಲ್ಲಿ ಅನ್‌ಟ್ಯಾಪ್ಡ್. ಬೆಂಗಳೂರಿನ ಇಂದಿರಾನಗರದಲ್ಲಿ ಟಾಯ್ಟ್ ಬಾಗಿಲು ತೆರೆದಿದ್ದೂ 2010ರಲ್ಲೇ. ಹಾಗಾಗಿ ನಮ್ಮ ತಲೆಮಾರಿನ ಬೆಂಗಳೂರಿಗರಿಗೆ ತಾಜಾ ಬಿಯರ್ ಮತ್ತು ಅದಕ್ಕೆ ಅಂಕ ಕೊಡೋ ಚಟ ಎರಡೂ ಜೊತೆಜೊತೆಗೇ ಹತ್ತಿದವು. ಅದಕ್ಕೂ ಮುಂಚೆ ಬೆಂಗಳೂರಿಗೆ ಬಿಯರ್ ಗೊತ್ತಿರಲಿಲ್ಲ ಅಂತಲ್ಲ. ಥಾಮಸ್ ಲೀಷ್‌ಮನ್ ಅನ್ನೋ ಸ್ಕಾಟ್‌ಲೆಂಡಿನವ 1915ರಲ್ಲೇ ದಕ್ಷಿಣದ ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ್ದ. ಆದರೆ ನಮ್ಮಪ್ಪನ ಕಾಲದವರು ಬಿಯರ್‌ಗೆ ಅಂಕ ಕೊಡ್ತಿರಲಿಲ್ಲ. ತಣ್ಣಗಿದೆಯೋ ಇಲ್ಲವೋ ಅಂತ ಮಾತ್ರ ಕೇಳ್ತಿದ್ದರು.

ಕುಡಿಯೋರು ಕೊಟ್ಟ ಈ ಲಕ್ಷಾಂತರ ಅಂಕಗಳನ್ನು ಇಟ್ಟುಕೊಂಡು ಜೂಲಿಯನ್ ಮೆಕ್‌ಆಲಿ ಮತ್ತು ಯೂರೆ ಲೆಸ್ಕೊವೆಕ್ ಅನ್ನೋ ಇಬ್ಬರು 2013ರಲ್ಲಿ ಒಂದು ಅಧ್ಯಯನ ಮಾಡಿದರು. ನಮ್ಮ ಆಫೀಸಿನಲ್ಲಿ ರೆಕಮೆಂಡೇಶನ್ ಕೋಡ್ ಬರೆಯೋರೆಲ್ಲ ಓದೋ ಪೇಪರ್ ಅದು. ಅದರಲ್ಲಿ ಕಂಡಿದ್ದು: ಹೊಸಬರು ಹೆಚ್ಚುಕಡಿಮೆ ಎಲ್ಲ ಲಾಗರ್‌ಗಳಿಗೂ ಅನುಭವಿಗಳಿಗಿಂತ ಜಾಸ್ತಿ ಅಂಕ ಕೊಡ್ತಾರೆ. ಅನುಭವಿಗಳು ಹೆಚ್ಚುಕಡಿಮೆ ಎಲ್ಲ ಸ್ಟ್ರಾಂಗ್ ಏಲ್‌ಗಳಿಗೂ ಹೊಸಬರಿಗಿಂತ ಜಾಸ್ತಿ ಕೊಡ್ತಾರೆ. ಅಂದರೆ ಕುಡಿದಷ್ಟೂ ಕಹಿ, ಗಾಢ, ಘಾಟು ಇಷ್ಟವಾಗ್ತಾ ಹೋಗುತ್ತೆ. ನನ್ನದೇ ಪಟ್ಟಿ ನೋಡಿದರೆ ಹಾಗೇ ಇದೆ. ಮೊದಲ ವರ್ಷ ಗೋಧಿ ಬಿಯರ್‌ಗೆಲ್ಲ ನಾಲ್ಕೂವರೆ, ಈಚೆಗೆ ಕಪ್ಪನೆ ಸ್ಟೌಟ್‌ಗೆ ಮಾತ್ರ. ಸಂಗೀತದಲ್ಲೂ ಹಾಗೇ ಅಲ್ವಾ, ಇಪ್ಪತ್ತು ವರ್ಷ ಕೇಳಿದವರಿಗೆ ವಿಲಂಬಿತ ಬೇಕು, ನಮಗೆ ತರಾನಾ ಸಾಕು.

ಅದು ರುಚಿ ಬೆಳೆಯೋ ರೀತಿ, ತಪ್ಪೇನಿಲ್ಲ. ತೊಂದರೆ ಬರೋದು ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದಾಗ. ಬಿಸಿಲಲ್ಲಿ ದಣಿದು ಬಂದವನ ಬಾಯಾರಿಕೆಗೆ ಮಾಡಿದ ಲಾಗರ್, ಚಳಿಗಾಲದ ಬೆಲ್ಜಿಯಂನಲ್ಲಿ ಬೆಂಕಿ ಕಾಯಿಸ್ತಾ ಒಂದು ಗಂಟೆ ಕುಡಿಯೋ ಏಲ್ ಜೊತೆ ಸ್ಪರ್ಧೆಗೆ ನಿಲ್ಲಬೇಕು. ಬೆಲ್ಜಿಯಂನ ಸಿಂಟ್ ಸಿಕ್ಸ್ಟಸ್ ಮಠದ ಸನ್ಯಾಸಿಗಳು ಮಾಡೋ ವೆಸ್ಟ್‌ವ್ಲೆಟೆರೆನ್ 12 ಎಷ್ಟೋ ವರ್ಷ ಇಂಥ ಪಟ್ಟಿಗಳ ತುದಿಯಲ್ಲಿತ್ತು. ಬಿಯರ್ ಒಳ್ಳೆಯದೇ ಇರಬೇಕು, ನಾನು ಕುಡಿದಿಲ್ಲ. ಆದರೆ ಅವರು ಮಾಡೋದೇ ಸ್ವಲ್ಪ, ಮಾರೋದು ಮುಖ್ಯವಾಗಿ ಮಠದಲ್ಲೇ. ಅಷ್ಟು ದೂರ ಹೋಗಿ, ಕಾದು, ಬಾಟಲಿ ತಂದವನು ಮೂರು ಸ್ಟಾರ್ ಕೊಡ್ತಾನಾ? ತಿರುಪತಿಗೆ ಹತ್ತು ಗಂಟೆ ಸಾಲಿನಲ್ಲಿ ನಿಂತು ಬಂದವರು ದರ್ಶನ ಸುಮಾರಾಗಿತ್ತು ಅನ್ನೋದನ್ನು ನಾನಂತೂ ಕೇಳಿಲ್ಲ.

ರೇಟ್‌ಬಿಯರ್‌ನವರು ಇದಕ್ಕೊಂದು ದಾರಿ ಮಾಡಿದ್ದರು. ಪ್ರತಿ ಬಿಯರ್‌ಗೆ ಎರಡು ಸ್ಥಾನ: ಎಲ್ಲ ಬಿಯರ್‌ಗಳ ನಡುವೆ ಎಲ್ಲಿದೆ, ತನ್ನ ಜಾತಿಯ ಬಿಯರ್‌ಗಳ ನಡುವೆ ಎಲ್ಲಿದೆ. ಎರಡನೆಯದು ಹೆಚ್ಚು ಪ್ರಾಮಾಣಿಕ ಸಂಖ್ಯೆ ಅಂತ ನನ್ನ ಅಭಿಪ್ರಾಯ. ಆದರೆ ಜನ ನೋಡ್ತಿದ್ದಿದ್ದು ಮೊದಲನೆಯದನ್ನೇ. ಅದನ್ನು ಬಿಯರ್ ದೈತ್ಯ ಎಬಿ ಇನ್‌ಬೆವ್‌ಗೆ ಸೇರಿದ ಕಂಪನಿಯೊಂದು 2019ರಲ್ಲಿ ಪೂರ್ತಿ ಕೊಂಡುಕೊಂಡಿತು. ಅಂಕ ಪಡೆಯೋರ ಕೈಗೇ ಅಂಕಪಟ್ಟಿ! 2025ರ ಫೆಬ್ರವರಿಯಲ್ಲಿ ಅದು ಮುಚ್ಚಿಯೇ ಹೋಯ್ತು.

ಇದನ್ನೆಲ್ಲ ಹೇಳ್ತಿದ್ದಾಗ ದೋಸ್ತ ಗುಡಿಯ ಆವರಣದ ಶಾಸನದ ಕಲ್ಲಿನ ಕಡೆ ಕೈ ತೋರಿಸಿದ. "ಇದೂ ರಿವ್ಯೂನ ಐತಲಾ?" ಅಂದ. ಹೌದಲ್ಲ! ಕನ್ನಡ ಶಾಸನಗಳನ್ನು ಓದಿದವರಿಗೆ ಗೊತ್ತು. ದಾನ ಕೊಟ್ಟವನು ಕರ್ಣನಿಗಿಂತ ದಾನಿ, ಊರು ಇಂದ್ರನ ಅಮರಾವತಿಗಿಂತ ಚೆಂದ, ಮಹಾಜನರು ನಾಲ್ಕು ವೇದದಲ್ಲೂ ನಿಪುಣರು. ಬರೆಸಿದವರೇ ದುಡ್ಡು ಕೊಟ್ಟ ಫೈವ್ ಸ್ಟಾರ್. ಒಂದು ವ್ಯತ್ಯಾಸ ಅಂದರೆ ಶಾಸನದ ಕೊನೆಗೆ ಶಾಪ ಇರ್ತಿತ್ತು, ಈ ದಾನ ಅಳಿಸಿದವನಿಗೆ ಗಂಗೆಯ ದಡದಲ್ಲಿ ಕವಿಲೆ ಕೊಂದ ಪಾಪ ಬರಲಿ ಅಂತ. ಒಂದು ಸ್ಟಾರ್ ಕೊಡೋರಿಗೆ ಅಂಥದ್ದೇನಿಲ್ಲ.

ಸಂಜೆ ಸವದತ್ತಿಯಲ್ಲಿ ಅವನ ಮನೆ ಮಾಳಿಗೆ ಮೇಲೆ ಒಂದು ಪರೀಕ್ಷೆ ಮಾಡಿದ್ವಿ. ಅವನ ಬ್ರ್ಯಾಂಡ್ ಒಂದು ಬಾಟಲಿ, ಅದೇ ಬೆಲೆಯ ಇನ್ನೊಂದು ಬ್ರ್ಯಾಂಡಿನ ಸ್ಟ್ರಾಂಗ್ ಲಾಗರ್ ಒಂದು ಬಾಟಲಿ. ಎರಡೂ ಒಂದೇ ಫ್ರಿಜ್ಜಿನಲ್ಲಿ ಇಟ್ಟಿದ್ದು. ಬಣ್ಣ ಕಾಣದ ಹಾಗೆ ಮೂರು ಸ್ಟೀಲ್ ಲೋಟ. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಯಾವುದು ಬೇರೆ ಅಂತ ಹೇಳಬೇಕು. ಇದನ್ನು ಟ್ರಯಾಂಗಲ್ ಟೆಸ್ಟ್ ಅಂತಾರೆ, ಬ್ರೂವರಿಗಳ ಲ್ಯಾಬ್‌ಗಳಲ್ಲೂ ಮಾಡೋದು ಇದನ್ನೇ. ಕಣ್ಣು ಮುಚ್ಚಿ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿ ಬರುತ್ತೆ. ಒಂಬತ್ತು ಸಲ ಮಾಡಿದ್ವಿ, ಒಂದೊಂದು ಗುಟುಕು. ಅವನು ನಾಲ್ಕು ಸಲ ಸರಿ ಹೇಳಿದ. ಬರೀ ಊಹೆಯಲ್ಲೇ ಮೂರು ಸರಿ ಬರಬೇಕು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬರೋ ಸಾಧ್ಯತೆ ಶೇ 35. ಅಂದರೆ ಅವನಿಗೆ ವ್ಯತ್ಯಾಸ ಗೊತ್ತಾಗ್ತಿದೆ ಅಂತ ಹೇಳೋಕೆ ಈ ಲೆಕ್ಕ ಸಾಲದು.

"ಮಷೀನ್ ತಪ್ಪೈತಿ" ಅಂದ. ಮಷೀನ್ ಎಲ್ಲಿತ್ತು, ಮೂರು ಲೋಟ ಅಷ್ಟೇ.

ಅವನೊಬ್ಬನ ಕಥೆ ಅಲ್ಲ ಇದು. 1964ರಲ್ಲಿ ಅಮೆರಿಕದಲ್ಲಿ ಆ್ಯಲಿಸನ್ ಮತ್ತು ಊಲ್ ಅನ್ನೋ ಇಬ್ಬರು ನೂರಾರು ಜನ ಬಿಯರ್ ಕುಡಿಯೋರಿಗೆ ಲೇಬಲ್ ಕಿತ್ತ ಬಾಟಲಿ ಕೊಟ್ಟು ನೋಡಿದರು. ತಮ್ಮ ಬ್ರ್ಯಾಂಡ್ ಯಾವುದು ಅಂತ ಅವರಿಗೆ ಗುರುತು ಸಿಗಲಿಲ್ಲ, ಅಂಕಗಳಲ್ಲೂ ಅಂಥ ವ್ಯತ್ಯಾಸ ಬರಲಿಲ್ಲ. ಲೇಬಲ್ ಹಚ್ಚಿ ಕೊಟ್ಟ ಮೇಲೆ ಅವರವರ ಬ್ರ್ಯಾಂಡಿನ ಅಂಕ ಮೇಲೆದ್ದವು. ಇನ್ನೊಂದು ಪ್ರಯೋಗ ನನಗೆ ಇನ್ನೂ ಇಷ್ಟ. ಲೀ, ಫ್ರೆಡೆರಿಕ್, ಏರಿಯಲಿ ಅನ್ನೋ ಮೂವರದ್ದು, 2006ರಲ್ಲಿ ಪ್ರಕಟವಾಯ್ತು. ಬಿಯರ್‌ಗೆ ನಾಲ್ಕಾರು ಹನಿ ಬಾಲ್ಸಾಮಿಕ್ ವಿನೆಗರ್ ಹಾಕಿ ಕೊಟ್ಟರು. ಹೇಳದೇ ಕೊಟ್ಟಾಗ ಬಹಳ ಜನಕ್ಕೆ ಅದೇ ಇಷ್ಟವಾಯ್ತು. ವಿನೆಗರ್ ಇದೆ ಅಂತ ಮೊದಲೇ ಹೇಳಿದಾಗ ಇಷ್ಟಪಟ್ಟವರು ಕಡಿಮೆಯಾದರು. ಕುಡಿದ ಮೇಲೆ ಹೇಳಿದರೆ? ಅಭಿಪ್ರಾಯ ಅಷ್ಟೇನೂ ಬದಲಾಗಲಿಲ್ಲ. ಅಂದರೆ ಮೊದಲೇ ಕಿವಿಗೆ ಬಿದ್ದ ಮಾತು ನಾಲಿಗೆಯ ರುಚಿಯನ್ನೇ ಬದಲಿಸುತ್ತೆ. ಫೋನ್‌ನಲ್ಲಿ ಮೊದಲು ಸ್ಟಾರ್ ನೋಡಿ ಆಮೇಲೆ ಗುಟುಕು ಹಾಕೋ ನಾನು ಯಾವ ಗುಂಪು ಅಂತ ನೀವೇ ಹೇಳಿ.

ದೋಸ್ತನ ಪರವಾಗಿಯೂ ಒಂದು ಮಾತು ಹೇಳಬೇಕು. ನಮ್ಮಲ್ಲಿ ಬಿಯರ್‌ಗೆ ಕೊಡೋ ಅಂಕ ಎಷ್ಟೋ ಸಲ ಬಿಯರ್‌ಗಲ್ಲ, ಅದು ಬಂದ ದಾರಿಗೆ. ಬಿಸಿಲು ಬಿದ್ದರೆ ಹಾಪ್ಸ್‌ನಲ್ಲಿರೋ ಅಂಶ ಒಡೆದು ಒಂಥರಾ ಕೆಟ್ಟ ಗಂಧಕದ ವಾಸನೆ ಬರುತ್ತೆ. ಕಂದು ಬಾಟಲಿ ಇರೋದು ಅದಕ್ಕೇ, ಹಸಿರು ಬಾಟಲಿ ಅಷ್ಟು ಕಾಪಾಡಲ್ಲ. ಸೆಕೆಯಲ್ಲಿ ವಾರಗಟ್ಟಲೆ ಇದ್ದರೆ ಬೇಗ ಹಳಸಿ ಒದ್ದೆ ರಟ್ಟಿನ ವಾಸನೆ. ಬ್ರೂವರಿ ಪಕ್ಕದಲ್ಲೇ ಟ್ಯಾಂಕಿನಿಂದ ನೇರ ಗ್ಲಾಸಿಗೆ ಬರೋ ಬಿಯರ್‌ಗೂ, 40 ಡಿಗ್ರಿ ಬಿಸಿಲಲ್ಲಿ ಲಾರಿ ಹತ್ತಿ, ಗೋದಾಮಿನಲ್ಲಿ ಕೂತು, ತಾಲ್ಲೂಕಿನ ಅಂಗಡಿಗೆ ಬಂದ ಬಾಟಲಿಗೂ ಒಂದೇ ಪಟ್ಟಿಯಲ್ಲಿ ಅಂಕ ಬೀಳುತ್ತೆ. ಮೊದಲನೆಯದರಲ್ಲಿ ಬ್ರೂವರ್ ಪಾಸಾದ ಅನ್ನಿ. ಎರಡನೆಯದರಲ್ಲಿ ಫೇಲಾಗಿದ್ದು ಯಾರು? ಇಷ್ಟಾದರೂ ಅವನ ಬಿಯರ್‌ಗೆ ನನ್ನ ಅಂಕ ಎರಡೂಮುಕ್ಕಾಲು. ಜಾತಿಯೊಳಗೆ ಹೋಲಿಸಿದರೂ ಅಷ್ಟೇ. ಸಿಹಿ ಜಾಸ್ತಿ.

ಈ ನಡುವೆ ಅವನ ಅವ್ವ ಬಟ್ಟೆ ತೆಗೆಯೋಕೆ ಮಾಳಿಗೆಗೆ ಬಂದರು. ನಾನು ಕಾಕು ಅಂತೀನಿ ಅವರಿಗೆ, ಹಾಸ್ಟೆಲ್ ದಿನಗಳಿಂದ. ಲೋಟ ಮುಚ್ಚಿಡೋ ವಯಸ್ಸೇನಲ್ಲ ನಮ್ಮದು, ಆದರೂ ಇಬ್ಬರೂ ಎದ್ದು ನಿಂತ್ವಿ. ಏನು ನಡೆದಿದೆ ಅಂತ ಕೇಳಿದರು, ಹೇಳಿದೆ. ಅಂಕ, ಆ್ಯಪು, ಲೇಬಲ್ಲು, ಎಲ್ಲ. ಬಟ್ಟೆ ಮಡಚ್ತಾ ಪೂರ್ತಿ ಕೇಳಿಸಿಕೊಂಡರು.

"ಕುಡದಾವ್ರನ್ನ ಕೇಳಿ ನಂಬರ್ ಹಾಕ್ತೀರಿ. ಅವ ಕುಡದ ಬಂದಾಗ ಬಾಗಲಾ ತಗಿಯಾಕಿನ್ನ ಯಾರರ ಕೇಳ್ಯಾರೇನಪಾ?"

ಅಷ್ಟು ಹೇಳಿ ಬಟ್ಟೆ ಎತ್ತಿಕೊಂಡು ಇಳಿದು ಹೋದರು. ಕಾಕು ಮೂವತ್ತು ವರ್ಷ ಯಾರಿಗೆ ಬಾಗಿಲು ತೆಗೆದಿದ್ದಾರೆ ಅಂತ ದೋಸ್ತನಿಗೂ ಗೊತ್ತು, ನನಗೂ ಗೊತ್ತು. ಉಳಿದ ಬಿಯರ್ ಹಾಗೇ ಉಳಿಯಿತು. ಈ ಆ್ಯಪ್‌ಗಳ ಡೇಟಾ ಬಗ್ಗೆ ನಾನು ಓದಿದ ಯಾವ ಪೇಪರ್‌ನಲ್ಲೂ ಆ ಕಾಲಂ ಇರಲಿಲ್ಲ. ಶೇ 8ರವರೆಗೆ ಆಲ್ಕೋಹಾಲ್ ಇರೋ ಬಾಟಲಿ ನಮ್ಮಲ್ಲಿ ಇಷ್ಟು ಮಾರಾಟ ಆಗೋದು ರುಚಿಗಲ್ಲ, ಕಡಿಮೆ ದುಡ್ಡಿಗೆ ಬೇಗ ಏರುತ್ತೆ ಅಂತ. ಅದನ್ನು ಐದಕ್ಕೆ ಎಷ್ಟು ಅಂತ ಹೇಗೆ ಬರೆಯೋದು?

ಮರುದಿನ ಮಧ್ಯಾಹ್ನ ಖಾನಾವಳಿಯಲ್ಲಿ ಊಟ. ಕಡಕ್ ರೊಟ್ಟಿ ಅಲ್ಲ, ಬಿಸಿ ರೊಟ್ಟಿ, ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಉಂಡಾದ ಮೇಲೆ ಅವನು ತನ್ನ ಫೋನ್ ತೋರಿಸಿದ. ಆಗ ಗೊತ್ತಾಯ್ತು, ಎರಡು ದಿನದಿಂದ ಈ ರೇಟಿಂಗ್ ಮಾತನ್ನು ಅವನು ಯಾಕೆ ಬಿಡ್ತಿರಲಿಲ್ಲ ಅಂತ.

ಅವನ ಖಾನಾವಳಿಗೆ ಹನ್ನೊಂದು ಜನ ಅಂಕ ಕೊಟ್ಟಿದ್ದರು, ಸರಾಸರಿ 4.6. ಭರತ ಹುಣ್ಣಿಮೆ ಜಾತ್ರೆ ದಿನ ಗುಡ್ಡದಿಂದ ಇಳಿದ ಜನ ಒಮ್ಮೆಲೇ ನುಗ್ಗಿ, ಒಂದು ಗಂಟೆ ಹೊತ್ತಿಗೇ ರೊಟ್ಟಿ ಖಾಲಿ. ಊಟ ಸಿಗದೇ ಹೋದ ಮೂವರು ಒಂದೊಂದು ಸ್ಟಾರ್ ಒತ್ತಿ ಹೋದರು. ಸರಾಸರಿ 3.9ಕ್ಕೆ ಇಳಿಯಿತು. ಹೊರಗಿನಿಂದ ಬರೋರು ನಾಲ್ಕರ ಮೇಲಿನದನ್ನು ಮಾತ್ರ ತೋರಿಸು ಅಂತ ಫಿಲ್ಟರ್ ಹಾಕಿದರೆ ಅವನು ಪಟ್ಟಿಯಲ್ಲೇ ಇಲ್ಲ. ಜಾತ್ರೆ ಮುಗಿದ ಮೇಲೆ ಕಾರಿನಲ್ಲಿ ಬರೋ ಗಿರಾಕಿ ಕಡಿಮೆಯಾಗಿದ್ದಾರೆ ಅಂತಾನೆ. ರೊಟ್ಟಿ ಬಡಿಯೋಕೆ ಇಬ್ಬರು ಹೆಣ್ಣುಮಕ್ಕಳು ಬರ್ತಿದ್ದರು, ಈಗ ಒಬ್ಬರು.

ಸಂಖ್ಯೆ ಕಡಿಮೆ ಇದ್ದಾಗ ಸರಾಸರಿಯನ್ನು ನಂಬಬಾರದು ಅನ್ನೋದು ನಮ್ಮ ಕೆಲಸದಲ್ಲಿ ಮೊದಲ ಪಾಠ. ಅದಕ್ಕೆ ಔಷಧಿಯೂ ಇದೆ. ಪ್ರತಿಯೊಂದಕ್ಕೂ ಮೊದಲೇ ಹತ್ತು ಸುಮಾರಾದ ಅಂಕ ಸಿಕ್ಕಿದೆ ಅಂತ ಇಟ್ಟುಕೊಂಡು ಲೆಕ್ಕ ಹಾಕೋದು. ಸುಮಾರು ಅಂದರೆ 3.5 ಅನ್ನಿ. ಆಗ ಇಬ್ಬರು ಗೆಳೆಯರಿಂದ ಐದೈದು ಪಡೆದ ಬಿಯರ್‌ನ ಸರಾಸರಿ 5 ಆಗಲ್ಲ, 3.75. ನಾನೂರು ಜನರಿಂದ 4.2 ಪಡೆದದ್ದು 4.18ರಲ್ಲಿ ನಿಲ್ಲುತ್ತೆ. ಸಿನಿಮಾ, ಬಿಯರ್ ಪಟ್ಟಿಗಳಲ್ಲಿ ಈ ಥರದ ಸೂತ್ರ ಹಳೇದು. ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಅವನೂ ಎಂಜಿನಿಯರ್, ಅರ್ಥ ಆಯ್ತು. "ಆಮ್ಯಾಲ? ಗಿರಾಕಿಗೆ ಈ ಕಾಗದ ತೋರಸ್ಲೇನು?" ಅಂದ.

ಮೊದಲ ಒತ್ತು ಎಷ್ಟು ದೂರ ಎಳೆಯುತ್ತೆ ಅನ್ನೋದಕ್ಕೂ ಲೆಕ್ಕ ಇದೆ. ಮುಚ್ನಿಕ್, ಆರಲ್, ಟೇಲರ್ ಅನ್ನೋ ಸಂಶೋಧಕರು 2013ರಲ್ಲಿ ಸುದ್ದಿತಾಣವೊಂದರ ಸಾವಿರಾರು ಕಾಮೆಂಟುಗಳಲ್ಲಿ ಕೆಲವಕ್ಕೆ ಸುಮ್ಮನೆ ಒಂದು ಮೆಚ್ಚುಗೆ ಒತ್ತಿ ಬಿಟ್ಟರು. ಅವುಗಳ ಕೊನೆಯ ಅಂಕ ಸರಾಸರಿ ಶೇ 25 ಜಾಸ್ತಿಯಾಯ್ತು. ಇದನ್ನು ಹೇಳಿದ್ದೇ ತಡ, ದೋಸ್ತ ಹಿಡಿದುಕೊಂಡ. "ಹಂಗಾದ್ರ ಚೊಲೋ ಆತಲಾ. ನಿಮ್ಮ ಆಫೀಸ್ ಗ್ರೂಪ್‌ನ್ಯಾಗ ಹಾಕು. ಇಪ್ಪತ್ತ ಮಂದಿ ಫೈವ್ ಸ್ಟಾರ್ ಒತ್ತಿದ್ರ ಮುಗೀತು."

ಅವರ್ಯಾರೂ ನಿನ್ನ ರೊಟ್ಟಿ ತಿಂದಿಲ್ಲ ಅಂದೆ.

"ಆ ಮೂರ ಮಂದೀನೂ ತಿಂದಿಲ್ಲ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಆಫೀಸ್ ಗ್ರೂಪ್‌ಗೆ ಹಾಕಲಿಲ್ಲ. ಹಾಕಿದ್ದರೆ ಬೆಂಗಳೂರಿನ ಇಪ್ಪತ್ತು ಜನ ಕೂತಲ್ಲೇ ಒತ್ತುತ್ತಿದ್ದರು, ಅವನ ಸಂಖ್ಯೆ ಏರುತ್ತಿತ್ತು. ಅವನ ಹಾಗೇ ಸುಮ್ಮನಿರೋ ಪಕ್ಕದ ಖಾನಾವಳಿಯವನು ಒಂದು ಸಾಲು ಕೆಳಗೆ ಹೋಗ್ತಿದ್ದ. ನಾನು ಉಂಡಿದ್ದನ್ನು ನಾನು ಬರೆದೆ. ಏನು ಬಡಿಸಿದರು, ಎಷ್ಟು ಹೊತ್ತಿಗೆ ಹೋದೆ, ಎಣ್ಣೆಗಾಯಿ ಖಾರ ಎಷ್ಟಿತ್ತು, ಹುಣ್ಣಿಮೆ ದಿನ ಆದರೆ ಹನ್ನೆರಡರೊಳಗೆ ಹೋಗಿ ಅಂತ. ನಾಲ್ಕೂವರೆ ಕೊಡೋಣ ಅಂತಿದ್ದೆ, ಮ್ಯಾಪ್‌ನಲ್ಲಿ ಅರ್ಧ ಸ್ಟಾರ್ ಇಲ್ಲ. ಐದು ಒತ್ತಿದೆ. ಹೂಲಿಯ ಗುಡಿಗೂ ಬರೆದೆ: ಯಾವ ಕಾಲದ್ದು, ಊರಿನಲ್ಲಿ ಇನ್ನೂ ಯಾವ ಗುಡಿಗಳಿವೆ, ನೀರು ಜೊತೆಗೆ ಒಯ್ಯಿರಿ, ಸಂಜೆ ನಾಲ್ಕರ ಮೇಲೆ ಹೋದರೆ ಬೆಳಕು ಚೆಂದ.

ಹೋದ ವಾರ ಫೋನ್ ಮಾಡಿದಾಗ ದೋಸ್ತ ಹೇಳಿದ, ಸರಾಸರಿ ಇನ್ನೂ ನಾಲ್ಕು ಮುಟ್ಟಿಲ್ಲ. ಹೂಲಿ ನೋಡೋಕೆ ಹೊರಟಿದ್ದ ಹುಬ್ಬಳ್ಳಿ ಕಡೆಯ ಒಂದು ಕುಟುಂಬ ಬೋರ್ಡ್ ನೋಡಿ ನಿಂತು, ಊಟ ಮಾಡಿಕೊಂಡು ಹೋಯ್ತಂತೆ. "ಸ್ಟಾರ್ ಒತ್ರಿ ಅಂತ ಹೇಳಿದೇನು?" ಅಂತ ಕೇಳಿದೆ. ಹೇಳಿದ್ದನಂತೆ. ಅವರ ಫೋನ್‌ನಲ್ಲಿ ಚಾರ್ಜ್ ಇರಲಿಲ್ಲವಂತೆ.